ಜೋರಾಗಿ ಹೋಗುವಾಗ ಕಾರು ಯಾಕೆ ನಡುಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಿಧಾನವಾಗಿ ಓಡಿಸುವಾಗ ಯಾವ ತಂಟೆಯೂ ಇಲ್ಲದ ಕಾರು, ಹೆದ್ದಾರಿಗೆ ಬಂದು ಗಂಟೆಗೆ 90 ಕಿ.ಮೀ. ದಾಟುತ್ತಿದ್ದ ಹಾಗೆ ನಡುಗಲು ಶುರುಮಾಡುತ್ತದೆ. ಗ್ಯಾರೇಜಿಗೆ ಹೋದರೆ ಮೊದಲು ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು), ಆಮೇಲೆ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ ಸರಿಮಾಡುವುದು), ಆಮೇಲೆ ಟೈರ್, ಆಮೇಲೆ ಸಸ್ಪೆನ್ಶನ್ ಅಂತ ಖರ್ಚು ಬೆಳೆಯುತ್ತಾ ಹೋಗುತ್ತದೆ. ನಡುಕ ಮಾತ್ರ ಹಾಗೇ ಇರುತ್ತದೆ. ಹೀಗಾಗುವುದು ಹೆಚ್ಚಾಗಿ ಹುಡುಕುವ ಮೊದಲೇ ಬಿಚ್ಚಲು ಶುರುಮಾಡುವುದರಿಂದ. ನಡುಕ ಯಾವ ವೇಗದಲ್ಲಿ ಬರುತ್ತದೆ, ಎಲ್ಲಿ ಗೊತ್ತಾಗುತ್ತದೆ, ನೀವು ಏನು ಮಾಡುವಾಗ ಜಾಸ್ತಿಯಾಗುತ್ತದೆ, ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಭಾಗದ ತಪ್ಪು ಅನ್ನುವುದು ಹೆಚ್ಚುಕಡಿಮೆ ಗೊತ್ತಾದ ಹಾಗೆ. ಒಂದು ಸ್ಪ್ಯಾನರ್ ಕೂಡ ಹಿಡಿಯದೆ ಇಷ್ಟು ತಿಳಿದುಕೊಳ್ಳಬಹುದು.

60ರಲ್ಲಿ ಏನೂ ಇಲ್ಲ, 100ರಲ್ಲಿ ನಡುಗುತ್ತದೆ, 120ರಲ್ಲಿ ಮತ್ತೆ ಕಡಿಮೆಯಾಗುತ್ತದೆ. ಯಾಕೆ ಹೀಗೆ?

ಸಾಮಾನ್ಯ ಕಾರಿನ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. ಅಂದರೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14–15 ಸುತ್ತು ತಿರುಗುತ್ತಿರುತ್ತದೆ. ಚಕ್ರದ ಒಂದು ಕಡೆ ಸ್ವಲ್ಪ ಭಾರ ಜಾಸ್ತಿ ಇದ್ದರೆ, ಪ್ರತಿ ಸುತ್ತಿಗೂ ಒಂದು ಗುದ್ದು ಬೀಳುತ್ತದೆ.

ಲೆಕ್ಕ ಹಾಕಿ ನೋಡಿ. ರಿಮ್ಮಿನ ಅಂಚಿನಲ್ಲಿ ಬರೀ 30 ಗ್ರಾಂ ವ್ಯತ್ಯಾಸ ಇದ್ದರೆ, 100ರ ವೇಗದಲ್ಲಿ ಅದು ಚಕ್ರವನ್ನು ಸುಮಾರು 5 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಆ ಎಳೆತ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಸೆಕೆಂಡಿಗೆ 14 ಸಲ. ಈ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಅದಕ್ಕೇ 50ರಲ್ಲಿ ಕೈಗೆ ಏನೂ ತಿಳಿಯುವುದಿಲ್ಲ.

ಹಾಗಾದರೆ 120ರಲ್ಲಿ ಯಾಕೆ ಕಡಿಮೆ? ಚಕ್ರ, ಟೈರ್, ಸಸ್ಪೆನ್ಶನ್ ಎಲ್ಲ ಸೇರಿ ತಾವಾಗಿಯೇ ಕುಣಿಯಲು ಇಷ್ಟಪಡುವ ಒಂದು ಲಯ ಇರುತ್ತದೆ. ತುಂಬಾ ಕಾರುಗಳಲ್ಲಿ ಅದು ಸೆಕೆಂಡಿಗೆ 10ರಿಂದ 15ರ ಆಸುಪಾಸು. ಚಕ್ರದ ಗುದ್ದು ಆ ಲಯಕ್ಕೆ ಸರಿಯಾಗಿ ಬಿದ್ದಾಗ ನಡುಕ ಹಲವು ಪಟ್ಟು ದೊಡ್ಡದಾಗುತ್ತದೆ. ವೇಗ ಇನ್ನೂ ಹೆಚ್ಚಿದರೆ ತಾಳ ತಪ್ಪುತ್ತದೆ, ನಡುಕ ಇಳಿಯುತ್ತದೆ. ಇಳಿಯಿತು ಅಂದರೆ ವಾಸಿಯಾಯಿತು ಅಂತಲ್ಲ. ಬೇರಿಂಗ್, ಜಾಯಿಂಟುಗಳ ಮೇಲೆ ಪೆಟ್ಟು ಬೀಳುತ್ತಲೇ ಇರುತ್ತದೆ, ನಿಮಗೆ ಗೊತ್ತಾಗುತ್ತಿಲ್ಲ ಅಷ್ಟೇ. ಅದನ್ನು ದಾಟಿಸಿ ಜೋರಾಗಿ ಓಡಿಸುವುದು ಪರಿಹಾರ ಅಲ್ಲವೇ ಅಲ್ಲ.

ಸ್ಟೇರಿಂಗ್ ನಡುಗುವುದಕ್ಕೂ ಸೀಟು ನಡುಗುವುದಕ್ಕೂ ವ್ಯತ್ಯಾಸ ಇದೆಯಾ?

ಇದೆ, ದೊಡ್ಡ ವ್ಯತ್ಯಾಸ. ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಸಣ್ಣಗೆ ಅದುರುತ್ತಿದ್ದರೆ ಮುಂದಿನ ಚಕ್ರಗಳನ್ನು ನೋಡಿ. ಸ್ಟೇರಿಂಗ್ ತೆಪ್ಪಗಿದ್ದು ಸೀಟು, ನೆಲ, ಹಿಂದಿನ ಸೀಟಿನವರ ಬೆನ್ನು ನಡುಗುತ್ತಿದ್ದರೆ ಹಿಂದಿನ ಚಕ್ರಗಳನ್ನು ನೋಡಿ. ಇದು ನೂರಕ್ಕೆ ನೂರು ನಿಯಮವೇನೂ ಅಲ್ಲ, ಆದರೆ ಹುಡುಕಲು ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ನಾನೇ ಪರೀಕ್ಷೆ ಮಾಡುವುದು ಹೇಗೆ?

ಮೊದಲು ಬಿಡಿಬಿಡಿ ಕೆಲಸಗಳು. ಟೈರ್ ತಣ್ಣಗಿದ್ದಾಗ ಗಾಳಿ ಸರಿಮಾಡಿಕೊಳ್ಳಿ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುವ ಸ್ಟಿಕರಿನಲ್ಲಿ ಎಷ್ಟು ಹಾಕಬೇಕು ಅಂತ ಬರೆದಿರುತ್ತದೆ. ಎಲ್ಲ ವೀಲ್ ನಟ್ಟುಗಳೂ ಬಿಗಿಯಾಗಿವೆಯಾ ಅಂತ ನೋಡಿ. ರಸ್ತೆಯ ತಪ್ಪನ್ನು ಕಾರಿನ ಮೇಲೆ ಹಾಕಬೇಡಿ. ಕಾಂಕ್ರೀಟ್ ರಸ್ತೆಯಲ್ಲಿ ಅಡ್ಡ ಗೀರುಗಳಿದ್ದರೆ ಒಳ್ಳೆಯ ಕಾರೂ ಅದುರುತ್ತದೆ. ಆದ್ದರಿಂದ ನುಣುಪಾದ, ನೇರವಾದ, ಖಾಲಿ ಇರುವ ರಸ್ತೆ ಹುಡುಕಿಕೊಳ್ಳಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ, ನೀವು ರಸ್ತೆ ನೋಡಿಕೊಳ್ಳಿ.

60ರಿಂದ ನಿಧಾನಕ್ಕೆ ವೇಗ ಏರಿಸುತ್ತಾ ಹೋಗಿ. ಎಲ್ಲಿ ಶುರುವಾಯಿತು, ಎಲ್ಲಿ ಜಾಸ್ತಿಯಾಯಿತು, ಎಲ್ಲಿ ಕಡಿಮೆಯಾಯಿತು ಅಂತ ಗುರುತು ಹಾಕಿಕೊಳ್ಳಿ. ವೇಗದ ಮಿತಿಯೊಳಗೇ ಮಾಡಿ. ಹೆಚ್ಚಿನ ತೊಂದರೆಗಳು 80–110ರ ಒಳಗೆ ತಾವೇ ಬಯಲಿಗೆ ಬರುತ್ತವೆ.

ನಡುಕ ಬಂದ ವೇಗದಲ್ಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ತಕ್ಷಣ ನಿಂತಿತಾ? ಹಾಗಿದ್ದರೆ ಚಕ್ರಕ್ಕಿಂತ ಆಕ್ಸಲ್, ಎಂಜಿನ್ ಕಡೆ ಅನುಮಾನ ಪಡಬೇಕು. ಕಾಲು ತೆಗೆದರೂ ಹಾಗೇ ಇದ್ದು, ವೇಗ ಇಳಿದ ಮೇಲೆ ಮಾತ್ರ ಕಡಿಮೆಯಾಯಿತಾ? ಅದು ಚಕ್ರ, ಟೈರಿನ ಕಡೆಯದು.

ಇನ್ನೊಂದು ಪರೀಕ್ಷೆ ಗೇರಿನದು. ಅದೇ ವೇಗದಲ್ಲಿ ಐದನೇ ಗೇರಿನಿಂದ ನಾಲ್ಕಕ್ಕೆ ಬನ್ನಿ. ಈಗ ಎಂಜಿನ್ ಜೋರಾಗಿ ತಿರುಗುತ್ತದೆ, ಚಕ್ರ ಮಾತ್ರ ಮೊದಲಿನಷ್ಟೇ ತಿರುಗುತ್ತದೆ. ನಡುಕ ಬದಲಾಗದಿದ್ದರೆ ಎಂಜಿನ್ ನಿರ್ದೋಷಿ. ಬದಲಾದರೆ ಎಂಜಿನ್ ಮೌಂಟ್ (ಎಂಜಿನ್ ಕೂರುವ ರಬ್ಬರ್ ಆಸರೆ), ಕ್ಲಚ್ ಅಥವಾ ಮಿಸ್‌ಫೈರ್ (ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಕಡೆ ನೋಡಬೇಕು. ಕೆಲವರು ಇದಕ್ಕೆ ನ್ಯೂಟ್ರಲ್ ಹಾಕಿ ನೋಡುತ್ತಾರೆ. ಖಾಲಿ ರಸ್ತೆಯಲ್ಲಿ ಎರಡು ಮೂರು ಸೆಕೆಂಡ್ ಸಾಕು. ಆದರೆ ಯಾವ ಕಾರಣಕ್ಕೂ ಓಡುತ್ತಿರುವ ಕಾರಿನ ಎಂಜಿನ್ ಆಫ್ ಮಾಡಬೇಡಿ. ಪವರ್ ಸ್ಟೇರಿಂಗ್ ಹೋಗಬಹುದು, ಬ್ರೇಕ್ ಗಟ್ಟಿಯಾಗಬಹುದು, ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು.

ಕೊನೆಗೆ, ಹಿಂದೆ ಗಾಡಿ ಇಲ್ಲದಾಗ ಮೆಲ್ಲಗೆ ಬ್ರೇಕ್ ಒತ್ತಿ. ನಡುಕ ಬ್ರೇಕಿನ ಜೊತೆ ಬಂದು ಬ್ರೇಕಿನ ಜೊತೆ ಹೋದರೆ ಚಕ್ರದ ಹಿಂದೆ ಬೀಳುವ ಅಗತ್ಯವೇ ಇಲ್ಲ.

ಬ್ಯಾಲೆನ್ಸಿಂಗ್ ಮಾಡಿಸಿದೆ. ಮೆಷಿನ್ ಸೊನ್ನೆ ತೋರಿಸಿತು. ಆದರೂ ನಡುಗುತ್ತಿದೆ, ಯಾಕೆ?

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದೇ. ಕಾರಣಗಳು ಒಂದೆರಡಲ್ಲ.

ಮೊದಲು ಮೆಷಿನ್ನಿನಲ್ಲಿ ಚಕ್ರ ಕೂರಿಸಿದ್ದನ್ನು ಅನುಮಾನಿಸಬೇಕು. ರಿಮ್ಮಿನ ನಡುವಿನ ತೂತಿಗೆ ಒಂದು ಕೋನ್ ಹಾಕಿ ಚಕ್ರವನ್ನು ಬಿಗಿಯುತ್ತಾರೆ. ಆ ತೂತಿನಲ್ಲಿ ತುಕ್ಕೋ ಮಣ್ಣೋ ಇದ್ದರೆ, ಕೋನಿನ ಅಳತೆ ತಪ್ಪಿದ್ದರೆ, ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ಮೆಷಿನ್ ಆ ತಪ್ಪು ಜಾಗಕ್ಕೇ ಬ್ಯಾಲೆನ್ಸ್ ಮಾಡಿ ನಿಷ್ಠೆಯಿಂದ ಸೊನ್ನೆ ತೋರಿಸುತ್ತದೆ. ಇದನ್ನು ಹಿಡಿಯುವುದು ಸುಲಭ. ಸೊನ್ನೆ ಬಂದ ಮೇಲೆ ಚಕ್ರ ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. ಈಗಲೂ ಸೊನ್ನೆಯ ಹತ್ತಿರ ಇದ್ದರೆ ಕೆಲಸ ಸರಿಯಾಗಿದೆ. 15–20 ಗ್ರಾಂ ತೋರಿಸಿದರೆ ಕೂರಿಸಿದ್ದೇ ತಪ್ಪು. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಎರಡನೆಯದು ಕಾರಿಗೆ ಚಕ್ರ ಕೂರುವ ಜಾಗ. ಆ ಜಾಗಕ್ಕೆ ಹಬ್ ಅಂತ ಹೆಸರು. ಹಬ್ಬಿನ ಮುಖಕ್ಕೂ ರಿಮ್ಮಿಗೂ ನಡುವೆ ತುಕ್ಕಿನ ಪದರ ಇದ್ದರೆ ಚಕ್ರ ಓರೆಯಾಗಿ ಕೂರುತ್ತದೆ. ವೈರ್ ಬ್ರಷ್ಷಿನಿಂದ ಉಜ್ಜಿ ಶುಚಿಮಾಡಲು ಐದು ನಿಮಿಷ ಸಾಕು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಏರ್ ಗನ್ನಿನಿಂದ ಒಂದೇ ಸಲಕ್ಕೆ ಕಚ್ಚಿಸುವುದಕ್ಕಿಂತ, ಕೈಯಲ್ಲಿ ಕೂರಿಸಿ, ಕೊನೆಗೆ ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದಷ್ಟು ಬಿಗಿಯುವುದು ಸರಿಯಾದ ಕ್ರಮ. ಹೊರಗಿನ ಅಲಾಯ್ ಹಾಕಿಸಿದ್ದರೆ ಇನ್ನೊಂದು ಮಾತು. ಅವುಗಳ ನಡುವಿನ ತೂತು ಎಷ್ಟೋ ಸಲ ಹಬ್ಬಿಗಿಂತ ದೊಡ್ಡದಿರುತ್ತದೆ. ಆ ಸಂದು ತುಂಬಲು ಒಂದು ಉಂಗುರ ಬರುತ್ತದೆ, ಹಬ್ ರಿಂಗ್ ಅಂತ. ಅದು ಇಲ್ಲದಿದ್ದರೆ ಚಕ್ರ ನಡುವಿಗೆ ಕೂರುವುದು ಬರೀ ನಟ್ಟುಗಳ ಮರ್ಜಿ.

ಮೂರನೆಯದು, ತೂಕ ಸರಿಯಿದ್ದರೂ ಆಕಾರ ಸರಿಯಿಲ್ಲದಿರುವುದು. ಗುಂಡಿಗೆ ಬಿದ್ದು ರಿಮ್ ಸೊಟ್ಟಗಾಗಿದ್ದರೆ ಅದಕ್ಕೆ ಸೀಸ ಅಂಟಿಸಿ ತೂಕ ಸರಿದೂಗಿಸಬಹುದು, ಸೊಟ್ಟ ಹೋಗುವುದಿಲ್ಲ. ಪೆಟ್ಟು ಹೆಚ್ಚಾಗಿ ರಿಮ್ಮಿನ ಒಳಬದಿಗೆ ಬಿದ್ದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಮೆಷಿನ್ ಮೇಲೆ ಚಕ್ರ ನಿಧಾನಕ್ಕೆ ತಿರುಗುವಾಗ ರಿಮ್ಮಿನ ಅಂಚಿನ ಪಕ್ಕ ಒಂದು ಸ್ಕ್ರೂಡ್ರೈವರನ್ನು ಅಲ್ಲಾಡದ ಹಾಗೆ ಹಿಡಿದು ನೋಡಿ. ನಡುವಿನ ಸಂದು ಅಗಲ ಕಿರಿದು ಆಗುತ್ತಿದ್ದರೆ ಕಣ್ಣಿಗೇ ಕಾಣುತ್ತದೆ. ಟೈರಿಗೂ ಹೀಗೇ ಮಾಡಿ. ಒಂದು ಮಿಲಿಮೀಟರ್ ದಾಟಿದ ಓಲಾಟ ಬರೀ ತೂಕ ಹಚ್ಚಿದರೆ ಹೋಗುವಂಥದ್ದಲ್ಲ.

ಇದೆಲ್ಲ ಸರಿಯಿದ್ದರೂ, ಕೆಲವು ಟೈರುಗಳ ಒಂದು ಭಾಗ ಗಟ್ಟಿ, ಇನ್ನೊಂದು ಭಾಗ ಮೆತ್ತಗೆ ಇರುತ್ತದೆ. ಗಾಳಿಯಲ್ಲಿ ತಿರುಗುವಾಗ ಅದು ಗೊತ್ತಾಗುವುದಿಲ್ಲ, ಕಾರಿನ ಭಾರ ಬಿದ್ದಾಗ ಮಾತ್ರ ತಿಳಿಯುತ್ತದೆ. ಟೈರಿಗೆ ರೋಲರ್ ಒತ್ತಿ ಇದನ್ನು ಅಳೆಯುವ ಮೆಷಿನ್ನುಗಳಿವೆ, ರೋಡ್ ಫೋರ್ಸ್ ಬ್ಯಾಲೆನ್ಸರ್ ಅಂತ ಕರೆಯುತ್ತಾರೆ. ಎರಡು ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿ ಸಾಕಾದವರು ನಾಲ್ಕನೇ ಸಲ ಅದನ್ನೇ ಮಾಡಿಸುವ ಬದಲು ಇಂಥ ಮೆಷಿನ್ ಇರುವ ಕಡೆ ಹೋಗುವುದು ಲೇಸು.

ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ನಡುಕ ಹೋಗುತ್ತದಾ?

ಹೋಗುವುದಿಲ್ಲ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಕಡೆ ಎಳೆಯುತ್ತದೆ, ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ, ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ. ಹಾಗೆ ಅಡ್ಡಾದಿಡ್ಡಿ ಸವೆದ ಟೈರ್ ಮುಂದೆ ನಡುಕ ತರಬಹುದು. ಆಗಲೂ ಟೈರ್ ಹಾಗೇ ಇಟ್ಟು ಅಲೈನ್‌ಮೆಂಟ್ ಮಾತ್ರ ಮಾಡಿಸಿದರೆ ನಡುಕ ನಿಲ್ಲುವುದಿಲ್ಲ. ಎರಡೂ ಬೇರೆ ಬೇರೆ ಕೆಲಸ.

ಹೊಸ ಟೈರ್ ಹಾಕಿಸಿದ ಮೇಲೇ ನಡುಕ ಶುರುವಾಯಿತು.

ವಾಪಸ್ ಹೋಗಿ, ಅವರಿಂದಲೇ ಸರಿಮಾಡಿಸಿ. ಹೋಗುವ ಮುಂಚೆ ಒಂದು ನೋಡಿ. ಟೈರಿನ ಪಕ್ಕದಲ್ಲಿ, ರಿಮ್ಮಿನ ಅಂಚಿಗೆ ಹತ್ತಿರವಾಗಿ ಒಂದು ಸಣ್ಣ ಉಬ್ಬುಗೆರೆ ಸುತ್ತಲೂ ಹೋಗಿರುತ್ತದೆ. ರಿಮ್ಮಿಗೂ ಆ ಗೆರೆಗೂ ನಡುವಿನ ಅಂತರ ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ ಹಾಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ. ಗಾಳಿ ಇಳಿಸಿ, ಅಂಚಿಗೆ ಸೋಪಿನ ನೀರು ಹಚ್ಚಿ ಮತ್ತೆ ಕೂರಿಸಬೇಕು.

ಮಣ್ಣು ರಸ್ತೆಯಲ್ಲಿ ಹೋಗಿ ಬಂದ ಮೇಲೆ ನಡುಗುತ್ತಿದೆ. ಏನೋ ಮುರಿಯಿತಾ?

ಬಹುಶಃ ಏನೂ ಮುರಿದಿಲ್ಲ. ರಿಮ್ಮಿನ ಒಳಗೆ ಕೆಸರು ಮೆತ್ತಿ ಒಣಗಿರುತ್ತದೆ. 30 ಗ್ರಾಂ ಏನು ಮಾಡುತ್ತದೆ ಅಂತ ಮೇಲೆ ನೋಡಿದಿರಿ, ಒಂದು ಹಿಡಿ ಮಣ್ಣು ಅದಕ್ಕಿಂತ ಎಷ್ಟೋ ಭಾರ. ಒಳಬದಿಗೆ ಜೋರಾಗಿ ನೀರು ಹೊಡೆದು ತೊಳೆಯಿರಿ. ಟೈರ್ ಒಳಗೆ ಪಂಕ್ಚರ್ ದ್ರವ ಹಾಕಿಸಿದ್ದರೂ ಇದೇ ಕಥೆ. ಅದು ಒಂದು ಕಡೆ ಸೇರಿಕೊಂಡು ಬ್ಯಾಲೆನ್ಸ್ ಕೆಡಿಸುತ್ತದೆ.

ಟೈರ್ ನೋಡಿಯೇ ಏನಾದರೂ ತಿಳಿಯಬಹುದಾ?

ನೋಡುವುದಕ್ಕಿಂತ ಮುಟ್ಟಿದರೆ ಜಾಸ್ತಿ ತಿಳಿಯುತ್ತದೆ. ಟೈರ್ ತಣ್ಣಗಿದ್ದಾಗ, ಮೊದಲು ಚೂಪಾದ ಮೊಳೆ, ತಂತಿ ಇಲ್ಲವೆಂದು ನೋಡಿಕೊಂಡು, ನೆಲಕ್ಕೆ ತಾಗುವ ಮುಖದ ಮೇಲೆ ಅಂಗೈ ಆಡಿಸಿ. ಸುತ್ತಲೂ ಸಣ್ಣ ಸಣ್ಣ ತಗ್ಗು ದಿಣ್ಣೆ ಸಿಕ್ಕರೆ ಶಾಕ್ ಅಬ್ಸಾರ್ಬರ್ ಸವೆದಿರಬಹುದು. ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತಾ ಹೋದಾಗ ಹೀಗೆ ಸವೆಯುತ್ತದೆ. ಒಂದು ಕಡೆಯಿಂದ ಸವರಿದರೆ ನುಣುಪು, ಎದುರಿನಿಂದ ಸವರಿದರೆ ಗರಗರ ಅಂದರೆ ಅಲೈನ್‌ಮೆಂಟಿನಲ್ಲಿ ಟೋ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ.

ಪಕ್ಕದ ಗೋಡೆಯಲ್ಲಿ ಗುಳ್ಳೆಯ ಹಾಗೆ ಊದಿಕೊಂಡಿದೆಯಾ? ಒಳಗಿನ ದಾರ ಕಿತ್ತಿದೆ ಅಂತ ಅರ್ಥ. ಮೇಲ್ಮೈಯಲ್ಲಿ ಒಂದು ಜಾಗ ಉಬ್ಬಿದೆಯಾ? ಒಳಗಿನ ಉಕ್ಕಿನ ಪಟ್ಟಿ ರಬ್ಬರಿನಿಂದ ಬಿಟ್ಟುಕೊಂಡಿರುವ ಸಾಧ್ಯತೆ ಇದೆ. ಇಂಥ ಟೈರ್ ನಿಧಾನ ಹೋಗುವಾಗಲೂ ಕಾರನ್ನು ಮೆಲ್ಲಗೆ ತೂಗಿಸುತ್ತದೆ, 30–40ರಲ್ಲೇ ಸ್ಟೇರಿಂಗ್ ಆ ಕಡೆ ಈ ಕಡೆ ಆಡುತ್ತದೆ. ಇದು ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಬ್ಯಾಲೆನ್ಸಿಂಗ್, ಪ್ಯಾಚು ಯಾವುದೂ ಇದಕ್ಕೆ ಮದ್ದಲ್ಲ. ಅಲ್ಲೇ ಸ್ಟೆಪ್ನಿ ಹಾಕಿಕೊಳ್ಳಿ. ಸ್ಟೆಪ್ನಿ ಸಣ್ಣ, ತಾತ್ಕಾಲಿಕ ಬಗೆಯದಾಗಿದ್ದರೆ ಸಾಮಾನ್ಯವಾಗಿ ಅದರ ಮಿತಿ 80 ಕಿ.ಮೀ.

ಟೈರಿನ ವಯಸ್ಸನ್ನೂ ನೋಡಿಬಿಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದರೂ ರಬ್ಬರ್ ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಜೋರಾಗಿ ಓಡಿಸಲು ಅದನ್ನು ನಂಬಬೇಡಿ.

ತುಂಬಾ ದಿನ ನಿಲ್ಲಿಸಿದ್ದ ಕಾರು ತೆಗೆದಾಗ ನಡುಗಿತು, ಸ್ವಲ್ಪ ದೂರ ಹೋದ ಮೇಲೆ ಸರಿಹೋಯಿತು.

ನೆಲಕ್ಕೆ ತಾಗಿದ್ದ ಜಾಗದಲ್ಲಿ ಟೈರ್ ಚಪ್ಪಟೆಯಾಗಿರುತ್ತದೆ. ಕಾಲು ಗಂಟೆ ಓಡಿ ಬಿಸಿಯಾದರೆ ಹೆಚ್ಚಾಗಿ ದುಂಡಗಾಗುತ್ತದೆ. ತಿಂಗಳುಗಟ್ಟಲೆ ಕಡಿಮೆ ಗಾಳಿಯಲ್ಲಿ ನಿಂತಿದ್ದರೆ ಮಾತ್ರ ಚಪ್ಪಟೆ ಹಾಗೇ ಉಳಿಯಬಹುದು.

ಬ್ರೇಕ್ ಹಾಕಿದಾಗ ಮಾತ್ರ ಸ್ಟೇರಿಂಗ್ ಅದುರುತ್ತದೆ. ಡಿಸ್ಕ್ ಬೆಂಡ್ ಆಗಿದೆಯಾ?

ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ನಿಜವಾಗಿ ಬೆಂಡ್ ಆದ ಡಿಸ್ಕುಗಳು ಕಡಿಮೆ. ಹೆಚ್ಚಾಗಿ ಆಗುವುದು ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ತರ ಆಗುವುದು. ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ವ್ಯತ್ಯಾಸ ಬಂದರೂ ಕೈಗೆ, ಕಾಲಿಗೆ ತಿಳಿಯುತ್ತದೆ. ದಪ್ಪ ಜಾಗ ಬಂದಾಗ ಪ್ಯಾಡ್ ಗಟ್ಟಿಯಾಗಿ ಹಿಡಿಯುತ್ತದೆ, ತೆಳು ಜಾಗದಲ್ಲಿ ಸಡಿಲಾಗುತ್ತದೆ. ಹೀಗಾಗಲು ಒಂದು ಕಾರಣ ಹಬ್ಬಿನ ಮೇಲಿನ ತುಕ್ಕು. ಡಿಸ್ಕ್ ಸ್ವಲ್ಪ ಓರೆಯಾಗಿ ಕೂತು, ಪ್ರತಿ ಸುತ್ತಿಗೂ ಪ್ಯಾಡಿಗೆ ಉಜ್ಜುತ್ತಾ ಸಾವಿರಾರು ಕಿಲೋಮೀಟರಿನಲ್ಲಿ ಒಂದೇ ಜಾಗದಲ್ಲಿ ಸವೆಯುತ್ತದೆ. ಹಾಗಾಗಿ ಹಬ್ ಶುಚಿಮಾಡದೆ ಹೊಸ ಡಿಸ್ಕ್ ಹಾಕಿದರೆ ಕೆಲವು ತಿಂಗಳಲ್ಲಿ ನಡುಕ ಮತ್ತೆ ಬರುತ್ತದೆ. ಇನ್ನೊಂದು ಕಾರಣ, ಜೋರಾಗಿ ಬ್ರೇಕ್ ಹೊಡೆದು ನಿಂತ ಮೇಲೂ ಪೆಡಲ್ ಒತ್ತಿ ಹಿಡಿಯುವುದು. ಕಾದ ಡಿಸ್ಕಿಗೆ ಪ್ಯಾಡಿನ ವಸ್ತು ಅಲ್ಲೇ ಮೆತ್ತಿಕೊಳ್ಳುತ್ತದೆ.

ಬ್ರೇಕ್ ಹಾಕದೆಯೂ ನಡುಗುತ್ತಾ, ಓಡಿದಷ್ಟೂ ಜಾಸ್ತಿಯಾಗುತ್ತಾ, ನಿಂತಾಗ ಒಂದು ಚಕ್ರದಿಂದ ಮಾತ್ರ ಸುಟ್ಟ ವಾಸನೆ, ಬಿಸಿ ಹೊಡೆಯುತ್ತಿದ್ದರೆ ಕ್ಯಾಲಿಪರ್, ಅಂದರೆ ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ, ಹಿಡಿದುಕೊಂಡಿದೆ. ರಿಮ್ಮನ್ನು ಮುಟ್ಟಬೇಡಿ, ಕೈ ಸುಡುತ್ತದೆ. ಹತ್ತಿರ ಕೈ ಹಿಡಿದರೇ ಗೊತ್ತಾಗುತ್ತದೆ.

ಗಕ್ಕನೆ ಬ್ರೇಕ್ ಹೊಡೆದಾಗ ಪೆಡಲ್ ಕಾಲ ಕೆಳಗೆ ಟಕಟಕ ಕುಟ್ಟಿದರೆ ಅದು ಎಬಿಎಸ್, ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ. ಅದು ತನ್ನ ಕೆಲಸ ಮಾಡುತ್ತಿದೆ, ಕಾಲು ತೆಗೆಯಬೇಡಿ.

ಆಕ್ಸಿಲರೇಟರ್ ಒತ್ತಿದಾಗ ನಡುಕ, ಬಿಟ್ಟರೆ ಮಾಯ. ಏನಿದು?

ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕಾರಿನಲ್ಲಿ ಮೊದಲ ಅನುಮಾನ ಆಕ್ಸಲ್ಲಿನ ಒಳಗಿನ ಜಾಯಿಂಟ್, ಅಂದರೆ ಗೇರ್‌ಬಾಕ್ಸ್ ಕಡೆಯ ಸಿವಿ ಜಾಯಿಂಟ್. ಅದರೊಳಗಿನ ದಾರಿಗಳು ಸವೆದರೆ ಭಾರ ಬಿದ್ದಾಗ ಆಕ್ಸಲ್ ಪಕ್ಕಕ್ಕೆ ತಳ್ಳುತ್ತದೆ, ಕಾರಿನ ಮುಂಭಾಗ ಬಳುಕಿದ ಹಾಗಾಗುತ್ತದೆ. ಏರು ಹತ್ತುವಾಗ, ನಾಲ್ಕೈದು ಜನ ಕೂತಾಗ ಇನ್ನೂ ಜಾಸ್ತಿ. ಹೊರಗಿನ ಜಾಯಿಂಟ್ ಹೋದರೆ ನಡುಕಕ್ಕಿಂತ ಶಬ್ದವೇ ಜಾಸ್ತಿ, ತಿರುಗಿಸುವಾಗ ಕಟಕಟ ಅನ್ನುತ್ತದೆ. ಬಗ್ಗಿ ನೋಡಿದಾಗ ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಗೆಲ್ಲ ಗ್ರೀಸ್ ಎರಚಿದ್ದರೆ ಬೇರೆ ಸಾಕ್ಷಿ ಬೇಡ. ಎಲೆಕ್ಟ್ರಿಕ್ ಕಾರಿಗೂ ಈ ಮಾತು ಅನ್ವಯಿಸುತ್ತದೆ, ಅದರಲ್ಲೂ ಆಕ್ಸಲ್, ಜಾಯಿಂಟ್ ಇವೆ. ಎಂಜಿನ್ ಸದ್ದಿಲ್ಲದ ಕಾರಣ ಸಣ್ಣ ನಡುಕವೂ ಅಲ್ಲಿ ಬೇಗ ಗೊತ್ತಾಗುತ್ತದೆ.

ಒತ್ತಿದಾಗ ಕಾರು ಜರ್ಕ್ ಹೊಡೆಯುತ್ತಾ ಚೆಕ್ ಎಂಜಿನ್ ದೀಪ ಮಿನುಗಿದರೆ ಮಿಸ್‌ಫೈರ್. ವೇಗ ಇಳಿಸಿ, ಬೇಗ ತೋರಿಸಿ. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ.

ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಗಳಲ್ಲಿ ಹೆಚ್ಚಾಗಿ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡ, ಇರುತ್ತದೆ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ಮೂರು ನಾಲ್ಕು ಸುತ್ತು ತಿರುಗುತ್ತದೆ. ಹಾಗಾಗಿ ಅದರ ನಡುಕ ಸಣ್ಣದು, ಬಿರುಸಿನದು. ನೆಲದಿಂದ ಝುಂ ಅಂತ ಅಂಗಾಲಿಗೆ ಬರುತ್ತದೆ. ಯೂನಿವರ್ಸಲ್ ಜಾಯಿಂಟ್, ನಡುವಿನ ಬೇರಿಂಗ್ ನೋಡಿಸಿ.

ನಡುಕದ ಜೊತೆ ಗೊಂಯ್ ಅನ್ನುವ ಶಬ್ದವೂ ಇದೆ.

ವೀಲ್ ಬೇರಿಂಗ್ ಇರಬಹುದು. ಸ್ಟೇರಿಂಗ್ ಮೆಲ್ಲಗೆ ಬಲಕ್ಕೆ ತಿರುಗಿಸಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಶಬ್ದ ಜಾಸ್ತಿಯಾದರೆ ಎಡಗಡೆಯ ಬೇರಿಂಗನ್ನು, ಎಡಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಬಲಗಡೆಯದನ್ನು ನೋಡಿಸಿ. ಅಡ್ಡಾದಿಡ್ಡಿ ಸವೆದ ಟೈರೂ ಇಂಥದೇ ಶಬ್ದ ಮಾಡುತ್ತದೆ, ಆದರೆ ತಿರುಗಿಸಿದಾಗ ಅಷ್ಟಾಗಿ ಬದಲಾಗುವುದಿಲ್ಲ.

ಬುಷ್, ಬಾಲ್ ಜಾಯಿಂಟ್ ಎಲ್ಲ ಬದಲಾಯಿಸಬೇಕು ಅಂದರು. ಬೇಕಾ?

ಇವು ಸಸ್ಪೆನ್ಶನ್ ಭಾಗಗಳನ್ನು ಜೋಡಿಸುವ ರಬ್ಬರ್, ಕೀಲುಗಳು. ಸವೆದಿದ್ದರೆ ಖಂಡಿತ ಬೇಕು. ಆದರೆ ಇವು ತಾವಾಗಿ ನಡುಕ ಹುಟ್ಟಿಸುವುದು ಕಡಿಮೆ. ಚಕ್ರದಲ್ಲಿ ಹುಟ್ಟಿದ ಸಣ್ಣ ನಡುಕವನ್ನು ದೊಡ್ಡದು ಮಾಡುತ್ತವೆ. ತೋರಿಸಿ ಅಂತ ಕೇಳಿ. ಕಾರನ್ನು ಜಾಕಿನ ಮೇಲೆ ಮಾತ್ರ ಬಿಡದೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ (ಸಡಿಲ) ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲುಗಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್, ಅಂದರೆ ಚಕ್ರವನ್ನು ಸ್ಟೇರಿಂಗಿಗೆ ಜೋಡಿಸುವ ಕೀಲು. ಆಟವೇ ಇಲ್ಲದ ಭಾಗವನ್ನು ಸುಮ್ನೆ ಅನುಮಾನದ ಮೇಲೆ ಬದಲಾಯಿಸಬೇಡಿ.

ಹೀಗೇ ಓಡಿಸಿಕೊಂಡು ಹೋಗಬಹುದಾ?

ತಿಂಗಳುಗಳಿಂದ ಒಂದೇ ವೇಗದಲ್ಲಿ, ಒಂದೇ ತರ ಬರುತ್ತಿರುವ ಸಣ್ಣ ನಡುಕವಾದರೆ ವೇಗ ತಗ್ಗಿಸಿ ಗ್ಯಾರೇಜಿನವರೆಗೆ ಹೋಗಬಹುದು. ಇದ್ದಕ್ಕಿದ್ದ ಹಾಗೆ ಬಂದದ್ದು, ನಿಮಿಷ ನಿಮಿಷಕ್ಕೆ ಜಾಸ್ತಿಯಾಗುತ್ತಿರುವುದು, ನಿಧಾನ ಹೋದಾಗಲೂ ಕುಟ್ಟುತ್ತಿರುವುದು, ಇವು ಬೇರೆ. ನಟ್ ಸಡಿಲಾಗಿರಬಹುದು, ಟೈರ್ ಬಿಟ್ಟುಕೊಳ್ಳುತ್ತಿರಬಹುದು, ಬಾಲ್ ಜಾಯಿಂಟ್ ಕಳಚುವ ಹಂತದಲ್ಲಿರಬಹುದು. ಗಕ್ಕನೆ ಬ್ರೇಕ್ ಹಾಕಬೇಡಿ. ಸ್ಟೇರಿಂಗ್ ಎರಡೂ ಕೈಯಲ್ಲಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ರಸ್ತೆಯಿಂದ ಪೂರ್ತಿ ಆಚೆಗೆ ನಿಲ್ಲಿಸಿ. ಚಕ್ರ ಬಿಚ್ಚಿ ಹಾಕಿಸಿದ ಒಂದೆರಡು ದಿನದಲ್ಲೇ ಹೀಗಾದರೆ ಮೊದಲು ನಟ್ಟುಗಳನ್ನೇ ನೋಡಿ.

ಗ್ಯಾರೇಜಿನಲ್ಲಿ ಏನು ಹೇಳಬೇಕು?

"ಬ್ಯಾಲೆನ್ಸಿಂಗ್ ಮಾಡಿ" ಅಂತ ಕೆಲಸ ಹೇಳಬೇಡಿ, ಲಕ್ಷಣ ಹೇಳಿ. "85ಕ್ಕೆ ಶುರುವಾಗುತ್ತದೆ, 100ರಲ್ಲಿ ಜಾಸ್ತಿ, ಸ್ಟೇರಿಂಗಿನಲ್ಲಿ ಮಾತ್ರ, ಕಾಲು ತೆಗೆದರೂ ಇರುತ್ತದೆ, ಬ್ರೇಕಿಗೆ ಸಂಬಂಧವಿಲ್ಲ, ಹೋದ ತಿಂಗಳು ಗುಂಡಿಗೆ ಬಿದ್ದಿತ್ತು." ಇಷ್ಟು ಕೇಳಿದ ಮೆಕ್ಯಾನಿಕ್ ನೇರ ಮುಂದಿನ ಎರಡು ರಿಮ್ಮುಗಳಿಗೆ ಹೋಗುತ್ತಾರೆ. ಅನುಮಾನ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ನೋಡಲು ಹೇಳಿ. ನಾಲ್ಕೂ ಒಂದೇ ಅಳತೆಯಾಗಿದ್ದರೆ ಇದಕ್ಕೆ ಹೊಸ ಸಾಮಾನು ಏನೂ ಬೇಡ. ನಡುಕ ಸ್ಟೇರಿಂಗಿನಿಂದ ಸೀಟಿಗೆ ಬಂದರೆ ದೋಷ ಚಕ್ರದಲ್ಲಿದೆ, ಅಲ್ಲೇ ಉಳಿದರೆ ಹಬ್, ಆಕ್ಸಲ್, ಸಸ್ಪೆನ್ಶನ್ ಕಡೆ ಇದೆ.

ಕೆಲಸ ಮುಗಿದ ಮೇಲೆ ಅವರನ್ನೂ ಕೂರಿಸಿಕೊಂಡು, ನಡುಕ ಬರುತ್ತಿದ್ದ ಅದೇ ವೇಗಕ್ಕೆ ಹೋಗಿ ನೋಡಿ, ಆಮೇಲೆ ಹಣ ಕೊಡಿ. 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳ ಬಿಗಿ ಇನ್ನೊಮ್ಮೆ ನೋಡಿಸಿಕೊಳ್ಳಿ.